ಆಯಿ ಹಲ್ಲು ಕೀಳಿಸಿದ ದಿನ

ನಮ್ಮ ಮನೆಯಲ್ಲಿ ರಕ್ತಕ್ಕೆ ಅಂಜುತ್ತಿದ್ದವರು ಇಬ್ಬರು, ಅಪ್ಪ ಮತ್ತು ನಾನು. ಅಪ್ಪನ ಅಂಜಿಕೆಗೆ ಮನೆಯಲ್ಲಿ ಬೇರೆ ಹೆಸರಿತ್ತು. ಅವ್ವ ಈಳಿಗೆಯ ಮುಂದೆ ಕೂತು ಬದನೆಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಅಪ್ಪ ಪೇಪರು ಮಡಿಚಿಟ್ಟು ಹಿತ್ತಲಿಗೆ ಹೋಗುತ್ತಿದ್ದ. ಹಿತ್ತಲಲ್ಲಿ ಅವನಿಗೆ ಯಾವ ಕೆಲಸವೂ ಇರುತ್ತಿರಲಿಲ್ಲ. ನುಗ್ಗೆ ಗಿಡದ ಕೆಳಗೆ ಸುಮ್ಮನೆ ನಿಂತಿದ್ದು, ಇಷ್ಟೊತ್ತಿಗೆ ರಕ್ತ ನಿಂತಿರಬಹುದು ಎನ್ನಿಸಿದ ಮೇಲೆ ಕೆಮ್ಮುತ್ತ ಒಳಗೆ ಬರುತ್ತಿದ್ದ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅಪ್ಪನ ಹೆಸರು ಕೇಳಿದರೆ ದೊಡ್ಡ ಹುಡುಗರು ಓಣಿ ಬದಲಿಸುತ್ತಿದ್ದರು. ಹಾಗಾಗಿ ಅವನು ಎದ್ದು ಹೋದಾಗ ಆಯಿ, ಅಂದರೆ ಅವನ ತಾಯಿ, "ಮಾಸ್ತರಗ ಗದ್ದಲ ಸೇರೂದಿಲ್ಲ" ಎನ್ನುತ್ತಿದ್ದಳು. ನಾನು ಎದ್ದು ಓಡಿದರೆ ಮಾತ್ರ ಅದು ಪುಕ್ಕಲುತನ. ಒಂದೇ ರೋಗಕ್ಕೆ ಒಂದೇ ಸೂರಿನಡಿ ಎರಡು ಹೆಸರು ಇರಬಹುದೆಂದು ನಾನು ಕಲಿತದ್ದು ಹೀಗೆ. ಆ ಸೂರು ಇದ್ದದ್ದು ಹಳೇ ಬಾಗಲಕೋಟೆಯಲ್ಲಿ, ಈಗ ಅಣೆಕಟ್ಟಿನ ಹಿನ್ನೀರಿನೊಳಗಿದೆ. ಪಡಸಾಲೆ ಎಷ್ಟು ಉದ್ದವಿತ್ತು, ದೇವರ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಎಂದು ಹೋಗಿ ನೋಡಿ ಬರುವ ಹಾಗಿಲ್ಲ. ಬರೆಯುವವಳಿಗೆ ಇದು ಅನುಕೂಲ. ಅಪಾಯವೂ ಹೌದು.

ನನ್ನ ಅಂಜಿಕೆ ಊರಿಗೆಲ್ಲ ಗೊತ್ತಾದದ್ದು ಕಿವಿ ಚುಚ್ಚಿಸುವಾಗ. ಬಂಗಾರದ ಕೆಲಸದ ಪತ್ತಾರ ಮನೆಗೇ ಬಂದಿದ್ದ. ಆಯಿ ನನ್ನ ಕೈಗೆ ಬೆಲ್ಲ ಕೊಟ್ಟು ತನ್ನ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಒಂದು ಕಿವಿ ಆಯಿತು. ಚುಚ್ಚಿದ ತಂತಿಯ ತುದಿಗೆ ಹತ್ತಿದ ಕೆಂಪು ಕಂಡದ್ದೇ ತಡ, ನಾನು ಬೆಲ್ಲ ಎಸೆದು ನಿಚ್ಚಣಿಕೆ ಹತ್ತಿ ಮಾಳಿಗೆಗೆ ಓಡಿದೆ, ಕತ್ತಲಾಗುವವರೆಗೆ ಇಳಿಯಲಿಲ್ಲ. ಪತ್ತಾರ ಕಾದು ಕಾದು ಚಹಾ ಕುಡಿದು ಹೋದ. ಮುಂದೆ ಬಹಳ ದಿನ ನನಗೆ ಒಂದೇ ಕಿವಿಯಲ್ಲಿ ಓಲೆ ಇತ್ತು. ಅಪ್ಪನ ತಮ್ಮ, ನಮ್ಮ ಕಾಕಾ, ಇದನ್ನು ಯಾರ ಮುಂದೆಯೂ ಹೇಳದೆ ಬಿಟ್ಟವನಲ್ಲ.

"ಏ ಒಂಟಿಕಿವಿ, ನಿನ್ನ ಮದವಿಗೆ ಅರ್ಧಾ ಬಂಗಾರ ಉಳೀತು ನೋಡವಾ!"

ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕಾಲಿಗೆ ಚುಚ್ಚಿದ ಜಾಲಿಮುಳ್ಳನ್ನು ಅವ್ವ ಪಿನ್ನಿನಿಂದ ತೆಗೆಯುವಾಗ ಒಮ್ಮೆ ನಾನು ಎಚ್ಚರ ತಪ್ಪಿದಾಗ ಮಾತ್ರ ನಗೆ ನಿಂತಿತು. ಅಂದಿನಿಂದ ಅವ್ವ ಗೋಣಿ ಹೊಲಿಯುವ ಸೂಜಿಯನ್ನೂ ನನ್ನ ಕಣ್ಣಿಗೆ ಬೀಳದಂತೆ ಇಡತೊಡಗಿದಳು. ಅವಳು ಒಂದು ಮಾತೂ ಆಡದೆ ಹಾಗೆ ಮಾಡಿದ್ದು ಕಾಕಾನ ಚೇಷ್ಟೆಗಿಂತ ಹೆಚ್ಚು ನಾಚಿಕೆ ತರುತ್ತಿತ್ತು.

ಆಯಿಯ ದಿನ ಶುರುವಾಗುತ್ತಿದ್ದದ್ದು ಲಿಂಗಪೂಜೆಯಿಂದ. ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆ ತೆರೆದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದಳು. ಅದು ಮುಗಿಯುವವರೆಗೆ ಗುಟುಕು ನೀರೂ ಇಲ್ಲ. ನಾನು ಎದುರಿಗೆ ಕೂತು ಪತ್ರಿ, ಹೂವು ಕೊಡುತ್ತಿದ್ದೆ. ನಾನು ಹೇಳುತ್ತಿರುವ ವರ್ಷ ಸಂಗಮಕ್ಕೆ ಹೋದಾಗ ನನಗೂ ಲಿಂಗದೀಕ್ಷೆಯಾಗಿತ್ತು. ಲಿಂಗ ಕಟ್ಟಿದ ಹೊಸ ಶಿವದಾರ ಕೊರಳಿಗೆ ತುರಿಸುತ್ತಿತ್ತು. ಪೂಜೆ ಮುಗಿಸಿ ಕರಡಿಗೆ ಮುಚ್ಚುವಾಗ ಆಯಿ ನನಗೆ ಬುದ್ಧಿ ಹೇಳುತ್ತಿದ್ದಳು.

"ಲಿಂಗ ಅಂಗ ಬಿಟ್ಟು ಅಗಲಬಾರದು ನೀಲಾ. ಕೈ ಜಾರಿ ನೆಲಕ್ಕ ಬಿತ್ತಂದ್ರ ಜೀವ ಬಿಟ್ಟಂಗ."

ಇದನ್ನು ನಾನು ಅಕ್ಷರಶಃ ನಂಬಿದ್ದೆ. ಆಯಿಯ ಕರಡಿಗೆ ಬಿದ್ದ ದಿನ ಆಯಿ ಸಾಯುತ್ತಾಳೆ. ಅದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಆ ವರ್ಷವೇ ನಮ್ಮ ಮನೆಯಲ್ಲಿ ರೊಟ್ಟಿಯ ಜಗಳ ನಡೆಯಿತು. ಅವ್ವನ ರೊಟ್ಟಿಯ ಬಗ್ಗೆ ಓಣಿಯಲ್ಲಿ ಎರಡನೆಯ ಮಾತಿರಲಿಲ್ಲ. ತೆಳ್ಳಗೆ, ಅಂಚಿನವರೆಗೆ ಒಂದೇ ಸಮ. ಆದರೆ ಆಯಿ ಒಂದು ದಿನ ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಂಚಿಗೆ ಸರಿಸುತ್ತ ಕೇಳಿದಳು.

"ಯಾಕ ಸುಶೀಲಾ, ಈಗೀಗ ರೊಟ್ಟಿ ಬಿರಸಾಗಾಕತ್ತಾವಲ್ಲ?"

"ಹಿಟ್ಟು ಅದ ಐತ್ರಿ, ಕೈ ಅದ ಅದಾವು. ಇಷ್ಟ ದಿನಾ ಮೆತ್ತಗಿದ್ದದ್ದು ಈಗ ಹೆಂಗ ಬಿರಸಾದ್ವುರಿ?"

"ಕೇಳಿದ್ರ ತಪ್ಪಾತೇನು?"

"ತಪ್ಪೇನಿಲ್ರಿ ಅತ್ತಿ. ನಾಳಿಂದ ನೀವ ಬಡೀರಿ, ನಾ ತಿಂತೇನಿ."

ಮರುದಿನದಿಂದ ಇಬ್ಬರ ಮಾತು ನನ್ನ ಮೂಲಕ ನಡೆಯತೊಡಗಿತು. "ನಿಮ್ಮ ಅವ್ವಗ ಹೇಳು, ನನಗ ನುಚ್ಚು ಸಾಕು." "ನಿಮ್ಮ ಆಯಿಗೆ ಕೇಳು, ಮಜ್ಜಿಗಿ ಹಾಕಲೇನು." ಇಬ್ಬರೂ ಅದೇ ಒಲೆಯ ಮುಂದೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿರುತ್ತಿದ್ದರು. ನಾನು ನಡುವೆ ನಿಂತು ಕೇಳಿದ್ದನ್ನೇ ಮತ್ತೆ ಹೇಳುತ್ತಿದ್ದೆ. ಅಪ್ಪನಿಗೆ ಗದ್ದಲ ಸೇರುವುದಿಲ್ಲವಾದ್ದರಿಂದ ಅವನು ಹಿತ್ತಲಲ್ಲೇ ಹೆಚ್ಚು ಕಾಣುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ ಆಯಿ ಜಳಕ ಮುಗಿಸಿ ಬಂದಾಗ ಅವಳ ಕೆನ್ನೆ ಊದಿತ್ತು.

"ಯವ್ವಾ, ಬಾಯಾಗ ಲಿಂಬಿಹಣ್ಣ ಇಟಗೊಂಡಿಯೇನು?" ಎಂದ ಕಾಕಾ.

ಆಯಿಗೆ ಬಾಯಿ ತೆರೆಯಲು ಬರುತ್ತಿರಲಿಲ್ಲ. ಅವಳ ದಿಂಬಿನ ಕೆಳಗೆ ಕಡಿದು ಉಗುಳಿದ ಲವಂಗದ ಚೂರುಗಳು ಸಿಕ್ಕವು. ಅಷ್ಟು ದಿನ ಬಿರುಸಾಗಿದ್ದದ್ದು ರೊಟ್ಟಿಯಲ್ಲ. ಅವ್ವನಿಗೆ ಸಿಟ್ಟು ಬಂತೋ ಅಳು ಬಂತೋ ನನಗೆ ಈಗಲೂ ನಿರ್ಧರಿಸಲು ಆಗುವುದಿಲ್ಲ.

"ಹಲ್ಲ ನೋಯಾಕತ್ತೈತಿ ಅಂತ ಒಂದ ಮಾತ ಅಂದಿದ್ರ ಹಾಲಾಗ ನೆನಸಿ ಕೊಡತಿದ್ದಿಲ್ಲೇನ್ರಿ? ನನ್ನ ಕೈಗೆ ಹೆಸರಿಟ್ರಲ್ರಿ!"

ಪೇಟೆಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರ ದವಾಖಾನೆ ಇತ್ತು. ಡಾಕ್ಟರ ಹೊಸದಾಗಿ ಬಂದಿದ್ದ ಹರೆಯದ ಹುಡುಗ. ಬಾಯಿ ನೋಡಿ, ಬಾವು ಇಳಿಯಲು ಗುಳಿಗೆ ಕೊಟ್ಟ, ಆದರೆ ಹಲ್ಲು ಕೀಳಲೇಬೇಕು ಎಂದ. ಬಾವು ಕೊರಳಿಗೆ ಇಳಿದರೆ ಉಸಿರಾಟಕ್ಕೇ ತ್ರಾಸ ಆಗುತ್ತದೆ. ಆಯಿ ಆಗುವುದಿಲ್ಲ ಎಂದಳು. ಹಲ್ಲು ಕೀಳುವಾಗ ರಕ್ತ, ಎಂಜಲು ಎದೆಯ ಮೇಲೆ ಇಳಿಯುತ್ತದೆ, ಎದೆಯ ಮೇಲೆ ಲಿಂಗವಿದೆ. ಅವಳು ಇಷ್ಟು ದಿನ ನೋವನ್ನು ನುಂಗಿದ್ದೂ ಅದಕ್ಕೇ.

"ತಗದು ಮೇಜಿನ ಮ್ಯಾಲ ಇಡೂಣ್ರಿ ಆಯಿ, ಐದ ಮಿನಿಟಿನ ಕೆಲಸ."

"ಮೇಜಿನ ಮ್ಯಾಲ? ಅದೇನು ನಿನ್ನ ಕಣ್ಣಿನ ಚಾಳೀಸೇನೋ?"

ಡಾಕ್ಟರ ನಕ್ಕುಬಿಟ್ಟ. "ನಾ ಹಲ್ಲ ಕೀಳಾಂವ್ರಿ, ಭಕ್ತಿ ಕೀಳಾಂವಲ್ಲ. ನೀವ ಒಂದು ದಾರಿ ಹೇಳ್ರಿ. ಹೇಳಿ, ಹೊಟ್ಟಿ ತುಂಬ ಊಟಾ ಮಾಡಿ ಬರ್ರಿ."

ದಾರಿ ಆಯಿಯೇ ಹುಡುಕಿದಳು. ದೀಕ್ಷೆಯಾದವರ ಅಂಗೈಯಲ್ಲಿ ಲಿಂಗವಿರಲಿ, ಆ ಕೈಯ ಮಣಿಕಟ್ಟನ್ನು ತಾನು ಹಿಡಿದಿರುತ್ತೇನೆ. ಅಲ್ಲಿಗೆ ಲಿಂಗ ತನ್ನ ಅಂಗದಿಂದ ಅಗಲಿದಂತಾಗುವುದಿಲ್ಲ. ಮಠದ ಯಾವ ಅಯ್ಯನವರನ್ನೂ ಕೇಳಿ ಮಾಡಿದ ಏರ್ಪಾಡಲ್ಲ ಇದು. ಯಾರ ಅಂಗೈ ಎಂಬುದಷ್ಟೇ ಉಳಿದದ್ದು. ಕಾಕಾನ ಲಿಂಗ ವರ್ಷವಿಡೀ ಗೂಟಕ್ಕೆ ತೂಗುತ್ತಿತ್ತು, ಅವನನ್ನು ಕೇಳುವ ಹಾಗಿರಲಿಲ್ಲ. ಅಪ್ಪ ಚಪ್ಪಲಿ ಹುಡುಕತೊಡಗಿದ. ಅವ್ವನ ಕೈ ಯಾವುದಕ್ಕೂ ನಡುಗುವ ಕೈಯಲ್ಲ. ಆದರೆ ಹೆಸರಿಟ್ಟ ಕೈಯನ್ನು ಆಯಿ ಕೇಳಲಾರಳು, ಕೇಳದೆ ಅವ್ವ ಮುಂದೆ ಬರಲಾರಳು.

"ನೀಲಾ ನಿಂದರ್ತಾಳ," ಎಂದಳು ಆಯಿ. "ಅಕಿ ಕೈ ಅಂದ್ರ ನನ್ನ ಕೈ."

"ಅದು ರಕ್ತ ಕಂಡ್ರ ಬೀಳತೈತ್ರಿ," ಎಂದಳು ಅವ್ವ. ಬಹಳ ದಿನಗಳ ಮೇಲೆ ಅತ್ತೆಗೆ ನೇರವಾಗಿ ಆಡಿದ ಮಾತು.

"ನನ್ನ ಮೊಮ್ಮಗಳು ಬೀಳೂದಿಲ್ಲ."

ನನ್ನನ್ನು ಯಾರೂ ಕೇಳಲಿಲ್ಲ ಎಂದು ಬರೆದರೆ ಅನುಕಂಪ ಸಿಗುತ್ತದೆ. ಆದರೆ ಅವ್ವ ನನ್ನ ಕಡೆ ತಿರುಗಿ ನೋಡಿದ್ದು ನೆನಪಿದೆ. ಅದು ಕೇಳಿದಂತೆಯೇ. ನಾನು ತಲೆ ಎತ್ತಿ "ನಿಂದರ್ತೇನಿ" ಎಂದೆ. ಒಂಟಿಕಿವಿಯವಳನ್ನು ಮನೆಯ ಎಲ್ಲ ದೊಡ್ಡವರನ್ನು ಬಿಟ್ಟು ಆರಿಸಲಾಗಿತ್ತು.

ಆ ಬೆಳಿಗ್ಗೆ ಆಯಿ ನನ್ನನ್ನು ನಸುಕಿನಲ್ಲೇ ಎಬ್ಬಿಸಿ ಜಳಕ ಮಾಡಿಸಿದಳು. ಊಟ ಮಾಡಿ ಬನ್ನಿ ಎಂದ ಡಾಕ್ಟರ ಮಾತನ್ನು ಆಯಿ ತನಗಷ್ಟೇ ಅನ್ವಯಿಸಿಕೊಂಡು, ಪೂಜೆಯ ನಂತರ ಒಂದು ಬಟ್ಟಲು ಅಂಬಲಿ ಕುಡಿದಳು. ನನಗೆ ಕೊಡಲಿಲ್ಲ. ಲಿಂಗ ಹಿಡಿಯುವ ಕೈ ಎಂಜಲಾಗಬಾರದು. ಹಿಡಿದು, ಮರಳಿ ಅವಳ ಕೊರಳಿಗೆ ಕೊಟ್ಟ ಮೇಲೆ ನನ್ನ ಊಟ. ಅದು ಪೂಜೆಯ ಲೆಕ್ಕ, ಅದರಲ್ಲಿ ನನಗೂ ತಪ್ಪು ಕಾಣಲಿಲ್ಲ. ಟಾಂಗಾದಲ್ಲಿ ಹೋದೆವು. ಕರೆಯದಿದ್ದರೂ ಅವ್ವ ಹತ್ತಿ ಕೂತಳು. ಜೊತೆಗೆ ಬಂದ ಅಪ್ಪ ದವಾಖಾನೆಯ ಕೆಳಗೇ ಉಳಿದ, ಟಾಂಗಾ ನೋಡಿಕೊಳ್ಳಲು.

ದವಾಖಾನೆಯಲ್ಲಿ ಆಯಿ ಕರಡಿಗೆಯನ್ನು ಶಿವದಾರ ಸಮೇತ ಕೊರಳಿನಿಂದ ತೆಗೆದು ನನ್ನ ಎಡ ಅಂಗೈಯಲ್ಲಿಟ್ಟಳು. ನನ್ನ ಕೊರಳಿಗೆ ಹಾಕಲಿಲ್ಲ. ಒಂದು ಕೊರಳಿಗೆ ಒಂದೇ ಲಿಂಗ. ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಬೆಳ್ಳಿ ಇನ್ನೂ ಅವಳ ಎದೆಯ ಬಿಸಿಗೆ ಬೆಚ್ಚಗಿತ್ತು. ಸೂಜಿ ಬಂದಾಗ ನಾನು ಕರಡಿಗೆಯನ್ನೇ ನೋಡಿದೆ, ತಡೆದುಕೊಂಡೆ. ಬಾಯಿ ಮರಗಟ್ಟುವವರೆಗೆ ಕಾದದ್ದನ್ನೂ ತಡೆದುಕೊಂಡೆ. ಗೆದ್ದೆ ಎಂದುಕೊಂಡೆ. ಆಮೇಲೆ ಇಕ್ಕಳ ಒಳಗೆ ಹೋಯಿತು. ಆಯಿಯ ಹಿಡಿತ ಬಿಗಿಯಾಯಿತು. ಅವಳಿಗೆ ಆಗುತ್ತಿದ್ದದ್ದು ಮಣಿಕಟ್ಟಿನ ಮೂಲಕ ನನ್ನೊಳಗೆ ಬರುತ್ತಿದೆ ಎನಿಸಿತು. ಕಟಕಟ ಎಂದು ಬೇರು ಅಲುಗುವ ಸದ್ದು. ನಾನು ನೋಡಿದೆ. ತುಟಿಯ ತುದಿಯಿಂದ ಗದ್ದಕ್ಕೆ ಎಂಜಲಿನ ಜೊತೆ ಕೆಂಪು ಎಳೆ ಇಳಿಯುತ್ತಿತ್ತು. ಮೊದಲು ಕಿವಿ ಮುಚ್ಚಿದವು. ಆಮೇಲೆ ಬೆನ್ನಿಗೆ ತಣ್ಣನೆಯ ಬೆವರು, ಕಿಟಕಿಯ ಬೆಳಕು ಹಳದಿ, ಬೂದಿ. ಹೇಳಬೇಕು, ಯಾರಿಗಾದರೂ ಹೇಳಬೇಕು ಅಂದುಕೊಂಡದ್ದು ನೆನಪಿದೆ. ಟಣ್ ಎಂದು ಒಂದು ಸದ್ದಾಯಿತು. ಆ ಸದ್ದು ಯಾವುದರದ್ದು? ಹಲ್ಲು ಡಾಕ್ಟರ ಬೋಗುಣಿಗೆ ಬಿದ್ದದ್ದೋ, ಕುರ್ಚಿಯ ಕಬ್ಬಿಣಕ್ಕೆ ನನ್ನ ಹಣೆ ಬಡಿದದ್ದೋ, ಬೆಳ್ಳಿ ಕರಡಿಗೆ ನೆಲಕ್ಕೆ ಬಿದ್ದದ್ದೋ? ವರ್ಷಗಟ್ಟಲೆ ಅದನ್ನು ಮನಸ್ಸಿನಲ್ಲಿ ಬಾರಿಸಿ ಬಾರಿಸಿ ನೋಡಿದ್ದೇನೆ. ಈಗ ಅದು ಮೂರಕ್ಕೂ ಹೊಂದುತ್ತದೆ.

ಕಣ್ಣು ಬಿಟ್ಟಾಗ ನಾನು ಆಯಿಯ ಕುರ್ಚಿಯಲ್ಲಿದ್ದೆ. ಹಲ್ಲು ಕೀಳಿಸಿಕೊಂಡ ಮುದುಕಿಯನ್ನು ಎಬ್ಬಿಸಿ ನನ್ನನ್ನು ಅಲ್ಲಿ ಮಲಗಿಸಿದ್ದರು. ಡಾಕ್ಟರ ನನ್ನ ಹುಬ್ಬಿಗೆ ಹೊಲಿಗೆ ಹಾಕುತ್ತಿದ್ದ, ಅವ್ವ ತಲೆ ಹಿಡಿದಿದ್ದಳು, ಆಯಿ ಬಾಯಿ ತುಂಬ ಹತ್ತಿ ಇಟ್ಟುಕೊಂಡು ತನ್ನ ಸೆರಗಿನಿಂದ ನನಗೆ ಗಾಳಿ ಹಾಕುತ್ತಿದ್ದಳು. ನನ್ನ ಲಂಗ ಒದ್ದೆಯಾಗಿತ್ತು. ಬಾಗಿಲಲ್ಲಿ ಕಾಯುತ್ತಿದ್ದವರೆಲ್ಲ ಇಣುಕುತ್ತಿದ್ದರು.

"ಹಲ್ಲ ಕಿತ್ತಿದ್ದು ಮುದುಕೀದು, ಬಿದ್ದಾಕಿ ಇಕಿ ನೋಡ್ರಿ," ಎಂದಳು ಒಬ್ಬಾಕೆ.

ಆಯಿಯ ಕೊರಳಲ್ಲಿ ಕರಡಿಗೆ ಇತ್ತು. ಅವಳು ಅದನ್ನು ಮುಟ್ಟಿ ಅವ್ವನ ಕಡೆ ನೋಡಿದಳು, ಬಾಯಿ ತೆರೆಯುವಂತಿರಲಿಲ್ಲ.

"ನನ್ನ ಉಡಿಯೊಳಗ ಬಿತ್ರಿ ಅತ್ತಿ," ಎಂದಳು ಅವ್ವ. "ಬಾಗಲದಾಗ ನಿಂತಿದ್ದೆ, ಓಡಿ ಬಂದು ಹಿಡದೆ. ನೆಲಾ ಮುಟ್ಟಿಲ್ಲ."

ಆಯಿ ಅವಳ ಮುಖವನ್ನೇ ನೋಡಿದಳು, ಬಹಳ ಹೊತ್ತು. ನಾನು ನಂಬಲಿಲ್ಲ. ಅವ್ವ ಬಾಗಿಲಿನಿಂದ ಕುರ್ಚಿಯವರೆಗೆ ಬರುವಷ್ಟರಲ್ಲಿ ಕರಡಿಗೆ ಹಿಡಿಯಲು ಸಾಧ್ಯವಿತ್ತು ಎಂದಾದರೆ, ನನ್ನನ್ನು ಹಿಡಿಯಲು ಏಕೆ ಆಗಲಿಲ್ಲ? ನಾನು ಬಿದ್ದಿದ್ದೆ, ಹಾಗಾದರೆ ಅದೂ ಬಿದ್ದಿತ್ತು. ಕೆಳಗೆ ಅಪ್ಪ ನನ್ನ ಹಣೆಯ ಪಟ್ಟಿ ಕಂಡ ಕೂಡಲೇ ಕುದುರೆಯ ಕಡೆ ಮುಖ ತಿರುಗಿಸಿದ. ದಾರಿಯುದ್ದಕ್ಕೂ ಮುಂದೆ ಟಾಂಗಾವಾಲನ ಪಕ್ಕದಲ್ಲೇ ಕೂತ.

ಮನೆಗೆ ಬಂದು ನಾನು ಅಡುಗೆಮನೆಯ ಪಕ್ಕದ ಖೋಲಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದೆ, ಯಾರೂ ಮಾತಾಡಿಸದಿರಲಿ ಎಂದು ಕಣ್ಣು ಮುಚ್ಚಿದೆ. ಸಂಜೆಗೆ ಗೋಡೆಯಾಚೆ ಆಯಿಯ ದನಿ ಕೇಳಿತು. ಹತ್ತಿ ತೆಗೆದಿರಬೇಕು. ಮಾತು ತಿಳಿಯಲಿಲ್ಲ, ಬೈಯುತ್ತಿದ್ದಳೆಂದು ಮಾತ್ರ ತಿಳಿಯಿತು. ಅವ್ವ ಏನೋ ಹೇಳಿದಳು, ಆಮೇಲೆ ಅತ್ತಳು. ನನಗೆ ಎಲ್ಲ ಖಚಿತವಾಯಿತು. ಅವ್ವನ ಸುಳ್ಳು ನಿಲ್ಲಲಿಲ್ಲ, ನನ್ನ ಸಲುವಾಗಿ ಅವಳು ಬೈಸಿಕೊಳ್ಳುತ್ತಿದ್ದಾಳೆ, ಆಯಿ ಇನ್ನು ಬದುಕುವುದಿಲ್ಲ. ಮುಂದಿನ ಎಷ್ಟೋ ದಿನ ಆಯಿ ಮಲಗಿದಾಗ ಅವಳ ಹೊಟ್ಟೆ ಏರಿಳಿಯುತ್ತದೆಯೇ ಎಂದು ಬಾಗಿಲ ಮರೆಯಿಂದ ನೋಡುತ್ತಿದ್ದೆ. ಆಯಿ ಸಾಯಲಿಲ್ಲ. ಅವ್ವನ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದಳು. ಇಬ್ಬರೂ ಮತ್ತೆ ನೇರವಾಗಿ ಮಾತಾಡತೊಡಗಿದರು. ನಡುವೆ ನಿಲ್ಲುವ ನನ್ನ ಕೆಲಸ ಹೋಯಿತು. ಪೂಜೆಗೆ ನಾನು ಎದುರು ಕೂರುವುದು ಮುಂದುವರಿಯಿತಾದರೂ, ಮೊದಲು ನನ್ನ ಅಂಗೈಗೆ ಇಡುತ್ತಿದ್ದ ಪ್ರಸಾದದ ಹೂವನ್ನು ಆಯಿ ತಟ್ಟೆಯಲ್ಲಿಟ್ಟು ಸರಿಸತೊಡಗಿದಳು. ಇದು ನಿಜವೋ, ನಾಚಿಕೆ ಆಮೇಲೆ ಸೇರಿಸಿದ ವಿವರವೋ, ಪ್ರಮಾಣ ಮಾಡಿ ಹೇಳಲಾರೆ. ಕಾಲೇಜಿನಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಈ ದಿನದ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ.

ಆಮೇಲೆ ನಾನು ಎಂಥವಳಾದೆ ಎಂದರೆ, ಯಾವ ದವಾಖಾನೆಯಲ್ಲೂ ಬಾಗಿಲ ಹೊರಗಿನ ಬೆಂಚಿನಲ್ಲಿ ಸಿಗುವವಳಾದೆ. ಔಷಧದ ಚೀಟಿ ಹಿಡಿದು ಓಡಾಡುವುದು, ಊಟದ ಡಬ್ಬಿ ತರುವುದು, ಎಲ್ಲದರಲ್ಲೂ ಮುಂದೆ. ಒಳಗೆ ಬನ್ನಿ ಎಂದರೆ ಫೋನು ಬಂದವಳಂತೆ ಎದ್ದು ಹೋಗುವುದು. ನನ್ನ ಮಗನ ಮೊಣಕೈ ಮುರಿದಾಗ ಒಳಗಿದ್ದವಳು ಅವ್ವ. ಅಪ್ಪನ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅವನ ರಕ್ತ ತೆಗೆಯಲು ನರ್ಸ್ ಬಂದಾಗ ಓಡಲು ಅವಕಾಶವಾಗಲಿಲ್ಲ. ಅಪ್ಪ ಗೋಡೆಯ ಕಡೆ ತಿರುಗಿದ, ನಾನೂ ತಿರುಗಿದೆ. ಇಬ್ಬರೂ ಸ್ವಲ್ಪ ಹೊತ್ತು ಅದೇ ಗೋಡೆಯ ಬಣ್ಣ ಸುಲಿದ ಜಾಗವನ್ನು ನೋಡಿದೆವು. "ಆತೇನವಾ?" ಎಂದು ಅವನು ನನ್ನನ್ನು ಕೇಳಿದ. ನನಗೆ ಗೊತ್ತಿರಲಿಲ್ಲ.

ಹೋದ ವರ್ಷ ನನ್ನದೇ ಹಲ್ಲು ಕೆಟ್ಟು, ನವನಗರದ ದಂತವೈದ್ಯೆಯ ಹತ್ತಿರ ಹೋಗಲೇಬೇಕಾಯಿತು. ಕುರ್ಚಿ ಹತ್ತುವ ಮೊದಲೇ, ನನಗೆ ತಲೆ ತಿರುಗುತ್ತದೆ ಎಂದು ಹೇಳಿಬಿಟ್ಟೆ. ಹಾಗೆ ಹೇಳಲು ನನಗೆ ಅರ್ಧ ಆಯುಷ್ಯ ಬೇಕಾಯಿತು. ಆಕೆ ನಗಲಿಲ್ಲ. ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ಮಲಗಿಸಿ, ಬೆವರು ಬಂದಂತಾದರೆ ತೊಡೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿಯಲು ಕಲಿಸಿ, ಸಾಕೆನಿಸಿದರೆ ಕೈ ಎತ್ತಿ ಎಂದಳು. "ತಿಂದು ಬಂದೀರಿಲ್ಲ? ಖಾಲಿ ಹೊಟ್ಟೀಲೆ ಅಲುಗಾಡದ ನಿಂತು ರಕ್ತ ನೋಡಿದ್ರ ಗಟ್ಟಿ ಆಳೂ ಬೀಳತಾರ್ರಿ." ಹಲ್ಲು ಕಿತ್ತು ಬಂತು. ನಾನು ಎಚ್ಚರವಾಗೇ ಇದ್ದೆ. ಆಕೆಯ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು: ಅಂಬಲಿ ಕುಡಿದಿದ್ದರೆ ಬೀಳುತ್ತಿರಲಿಲ್ಲವೇನೋ. ಆದರೆ ಕಾರಣ ಸಿಕ್ಕಿದ ಮಾತ್ರಕ್ಕೆ ನಾಚಿಕೆ ಹೋಗುವುದಿಲ್ಲ. ಕರಡಿಗೆ ಬಿದ್ದಿತ್ತೋ ಇಲ್ಲವೋ ಅಷ್ಟೇ ನನಗೆ ಬೇಕಿತ್ತು. ಅದನ್ನು ಬಲ್ಲವಳು ಈಗ ಒಬ್ಬಳೇ ಉಳಿದಿದ್ದಳು.

ಅವ್ವ ನನ್ನ ಜೊತೆಗೇ ಇದ್ದಾಳೆ. ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು, ನಾನು ಎದುರಿಗೆ ಕೂತು ಕೇಳಿದೆ.

"ಅವ್ವಾ, ಅವತ್ತು ಆಯಿ ಲಿಂಗ ನೆಲಕ್ಕ ಬಿದ್ದಿತ್ತೇನು?"

"ಇಲ್ಲವಾ. ಉಡಿಯೊಳಗ ಹಿಡದೆ ಅಂತ ಅವತ್ತ ಹೇಳಿದ್ನೆಲ್ಲ."

"ಖರೆ ಹೇಳು."

"ಖರೇನ." ಅವಳು ಸೊಪ್ಪು ಬಿಟ್ಟಳು. "ಎರಡೂ ಕೂಡೇ ಬೀಳಾಕತ್ತಿದ್ವು, ಅದೂ ನೀನೂ. ಕೈ ಅದರ ಕಡೆ ಹೋತು. ನಿನ್ನ ಕಡೆ ಯಾಕ ಹೋಗಲಿಲ್ಲ ಅಂತ ಇವತ್ತಿಗೂ ನನಗ ತಿಳಿದಿಲ್ಲ. ನಿಮ್ಮ ಆಯಿ ಬಾಯಾಗಿನ ಹತ್ತಿ ತಗದ ಕೂಡ್ಲೆ ಮೊದಲ ಅಂದ ಮಾತು ಅದ. 'ಕೂಸಿನ್ನ ಬಿಟ್ಟು ಇದನ್ನ ಯಾಕ ಹಿಡದಿ?' ಹಿಗ್ಗಾಮುಗ್ಗಾ ಬೈದ್ಲು. ನೀವ ಅಂತಿದ್ರೆಲ್ರಿ ಅತ್ತಿ, ಬಿದ್ರ ಜೀವ ಬಿಟ್ಟಂಗ ಅಂತ, ಅಂದೆ."

"ಅದಕ್ಕ?"

"'ಅನ್ನೂದು ಅಂದಿರ್ತೇವು' ಅಂದ್ಲು. ನಾ ಅತ್ತಬಿಟ್ಟೆ."

ಅವ್ವ ಅದನ್ನು ನನಗಾಗಿ ಈಗ ಕಟ್ಟಿ ಹೇಳಿದಳೇ ಎಂದು ಮುಖ ನೋಡಿದೆ. ತಿಳಿಯಲಿಲ್ಲ. ಅಷ್ಟು ವರ್ಷ ಆ ಮಹಡಿಯಿಂದ ನಾಚಿಕೆ ಹೊತ್ತು ಇಳಿದವಳು ನಾನೊಬ್ಬಳೇ ಎಂದುಕೊಂಡಿದ್ದೆ; ನನ್ನ ಹಿಂದೆ ಮೆಟ್ಟಿಲಿಳಿದವಳ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ.

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳೂಣಂತ ಇ‌ಬ್ಬರೂ ಖೋಲಿಗೆ ಬಂದ್ವಿ. ಆಯಿ ಭಾಳ ಹೊತ್ತ ನಿನ್ನ ತಲಿ ಕಡೆ ಕೂತಿದ್ಲು. ನೀ ಗ್ವಾಡಿ ಕಡೆ ಮಾರಿ ಮಾಡಿ ಮಲಗಿಬಿಟ್ಟಿದ್ದಿ. ಮಲಗಿದ ಕೂಸಿನ್ನ ಎಬ್ಬಸ್ತಾರೇನು?"

ನನಗೆ ನಿದ್ದೆ ಹತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ ಅಷ್ಟೇ ಎಂದು ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ.